ಮಿನುಗುವ ಏರ್‌ಬ್ಯಾಗ್ ದೀಪ: ಹಳೆಯ ಸ್ಪೋರ್ಟ್ಸ್ ಕಾರಿನ ವ್ಯವಹಾರದಲ್ಲಿ ಗಮನಿಸಬೇಕಾದ ಸಂಗತಿಗಳು

ಹಳೆಯ ಕಾರಿನ ವ್ಯವಹಾರ ಕುದುರುವ ಹೊತ್ತಿಗೆ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗಿನ ಚಿತ್ರವುಳ್ಳ ದೀಪವೊಂದು ಮಿನುಗುತ್ತಿದ್ದರೆ ಬೆಲೆಯಲ್ಲಿ ಎಷ್ಟು ಇಳಿಸಬೇಕು? ಮಾರುವವರು ‘ಅದೇನೂ ಇಲ್ಲ, ಸೆನ್ಸರಿನ ತೊಂದರೆ’ ಎನ್ನುತ್ತಾರೆ. ಕೊಳ್ಳುವವರು ‘ಹೋಗಲಿ, ಗಾಡಿ ಓಡುತ್ತದಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ವಾಸ್ತವದಲ್ಲಿ ಆ ದೀಪದ ಹಿಂದೆ ಸಡಿಲಗೊಂಡ ಒಂದು ಕಪ್ಲರ್ ಇರಬಹುದು. ಹಿಂದಿನ ಅಪಘಾತದಲ್ಲಿ ಒಡೆದುಹೋದ ಏರ್‌ಬ್ಯಾಗಿನ ಜಾಗದಲ್ಲಿ ಬರಿಯ ಮುಚ್ಚಳವೂ ಇರಬಹುದು. ಮೊದಲನೆಯದು ಅರ್ಧ ಗಂಟೆಯ ಕೆಲಸ, ಎರಡನೆಯದು ಜೀವದ ಪ್ರಶ್ನೆ. ಎರಡಕ್ಕೂ ಉರಿಯುವ ದೀಪ ಒಂದೇ ಆಗಿರುವುದರಿಂದ ಅವುಗಳನ್ನು ಬೇರ್ಪಡಿಸುವ ಕ್ರಮವನ್ನು ವಾಹನ ವ್ಯಾಪಾರದಲ್ಲಿ ತೊಡಗಿರುವ ಸದಸ್ಯರೂ ಗ್ಯಾರೇಜು ನಡೆಸುವವರೂ ತಿಳಿದಿರುವುದು ಅಗತ್ಯ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಸ್ಪೋರ್ಟ್ಸ್ ಕಾರು ಎಲ್ಲಿದೆ ಎಂದು ಕೆಲವರು ಕೇಳಬಹುದು. ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಸಂಕೇಶ್ವರ, ಹತ್ತರಗಿಗಳ ಮೂಲಕವೇ ಹಾದುಹೋಗುತ್ತದೆ. ಕೊಲ್ಹಾಪುರ, ಪುಣೆ, ಗೋವಾಗಳಲ್ಲಿ ಒಬ್ಬಿಬ್ಬರ ಕೈ ಬದಲಿಸಿದ ಕಾರುಗಳು ಗಡಿ ದಾಟಿ ಬರುವುದು ನಮ್ಮಲ್ಲಿ ಹೊಸತೇನಲ್ಲ. ಕಬ್ಬಿನ ಬಿಲ್ಲು ಕೈಸೇರಿದ ವರ್ಷ ಮನೆಯ ತರುಣರು ಬಯಸುವುದು ಟ್ರ್ಯಾಕ್ಟರನ್ನಷ್ಟೇ ಅಲ್ಲ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಫಿಯೆಟ್ ಪುಂಟೊ ಅಬಾರ್ತ್, ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಮೊದಲಾದವು ಹೊಸದಾಗಿದ್ದಾಗ ನಮ್ಮ ಕೈಗೆ ಎಟುಕದಿದ್ದರೂ ಹತ್ತು ಹದಿನೈದು ವರ್ಷ ಓಡಿದ ಮೇಲೆ ಎಟುಕುತ್ತವೆ. ನಿಸ್ಸಾನ್ 350ಜೆಡ್, ಮಜ್ದಾ ಎಂಎಕ್ಸ್-5ರಂತಹ ಅಪ್ಪಟ ಸ್ಪೋರ್ಟ್ಸ್ ಕಾರುಗಳು ಅಪರೂಪ. ಆದರೆ ಏರ್‌ಬ್ಯಾಗಿನ ವಿಷಯದಲ್ಲಿ ಅವುಗಳ ಅಂತರಂಗ ಇವುಗಳಿಗಿಂತ ಹೆಚ್ಚು ಭಿನ್ನವಲ್ಲ.

ಇನ್ನೊಂದು ಕಾರಣವೂ ಇದೆ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕನ ಬದಿಯ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಮುಂದಿನ ಪ್ರಯಾಣಿಕನ ಬದಿಯದು 2021ರ ಏಪ್ರಿಲ್ 1ರಿಂದ ಹೊಸ ಮಾದರಿಗಳಿಗೆ, ಅದೇ ವರ್ಷದ ಕೊನೆಯ ಹೊತ್ತಿಗೆ ಎಲ್ಲ ಮಾದರಿಗಳಿಗೆ ಅನ್ವಯಿಸಿತು. ಅದಕ್ಕೆ ಮುಂಚೆ ಏರ್‌ಬ್ಯಾಗ್ ಇದ್ದದ್ದು ಬಹುಮಟ್ಟಿಗೆ ದುಬಾರಿ ಹಾಗೂ ಸ್ಪೋರ್ಟ್ಸ್ ಮಾದರಿಗಳಲ್ಲಿ ಮಾತ್ರ. ಆದುದರಿಂದ ಇಂದು ನಮ್ಮ ಗ್ಯಾರೇಜುಗಳಿಗೆ ಬರುವ ಹಳೆಯ ಏರ್‌ಬ್ಯಾಗುಗಳು ಇಂತಹ ಕಾರುಗಳಲ್ಲಿಯೇ ಇವೆ. ಅಂಬಾಸಿಡರ್, ಪದ್ಮಿನಿ, ಮಾರುತಿ 800ರ ಮೇಲೆ ಕೈ ಪಳಗಿಸಿಕೊಂಡ ಮೇಸ್ತ್ರಿಗಳಿಗೆ ಇದು ಪರಿಚಯವಿಲ್ಲದ ಕ್ಷೇತ್ರ.

ದೀಪ ಏನನ್ನು ನೋಡುತ್ತದೆ?

ಏರ್‌ಬ್ಯಾಗ್ ವ್ಯವಸ್ಥೆಯ ಮಿದುಳು ಎನ್ನಬಹುದಾದ ನಿಯಂತ್ರಣ ಘಟಕವು ಅನೇಕ ಕಾರುಗಳಲ್ಲಿ ಗೇರಿನ ದಂಡದ ಮುಂದೆ, ನಡುವಿನ ಕನ್ಸೋಲಿನ ಕೆಳಗೆ, ನೆಲದ ಲೋಹಕ್ಕೆ ಬಿಗಿದಿರುತ್ತದೆ. ಕಾರು ಢಿಕ್ಕಿ ಹೊಡೆದಾಗ ವೇಗದಲ್ಲಾಗುವ ಹಠಾತ್ ಇಳಿಕೆಯನ್ನು ಅದು ಅಳೆದು, ಅಗತ್ಯವೆಂದು ಕಂಡರೆ ಸ್ಟೇರಿಂಗಿನೊಳಗಿರುವ ಸ್ಕ್ವಿಬ್ ಎಂಬ ಕಿಡಿಸಾಧನಕ್ಕೆ ವಿದ್ಯುತ್ತನ್ನು ಹರಿಸುತ್ತದೆ. ಸ್ಕ್ವಿಬ್ ಹೊತ್ತಿಸಿದ ರಾಸಾಯನಿಕದಿಂದ ಅನಿಲ ಹುಟ್ಟಿ ಚೀಲ ಉಬ್ಬುತ್ತದೆ. ಇಷ್ಟೆಲ್ಲ ನಡೆಯುವುದು ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಪಾಲಿನಷ್ಟು ಅವಧಿಯಲ್ಲಿ. ಕಣ್ಣೆವೆ ಮುಚ್ಚಿ ತೆರೆಯಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಇಂತಹ ವ್ಯವಸ್ಥೆಯನ್ನು ಓಡಿಸಿ ಪರೀಕ್ಷಿಸಲು ಆಗುವುದಿಲ್ಲ. ಬ್ರೇಕನ್ನು ಒತ್ತಿ ನೋಡಬಹುದು, ಹಾರ್ನ್ ಬಾರಿಸಿ ನೋಡಬಹುದು. ಏರ್‌ಬ್ಯಾಗನ್ನು ತೆರೆದು ನೋಡಿದರೆ ಅದು ಮುಗಿದಂತೆಯೇ. ಆದುದರಿಂದ ನಿಯಂತ್ರಣ ಘಟಕವು ಇಗ್ನಿಷನ್ ಆನ್ ಆದಾಗಲೆಲ್ಲ ಪ್ರತಿಯೊಂದು ಮಂಡಲದ ಮೂಲಕ ಅತ್ಯಲ್ಪ ಪ್ರಮಾಣದ ವಿದ್ಯುತ್ತನ್ನು ಹರಿಸಿ ಅದರ ರೋಧವನ್ನು ಅಳೆಯುತ್ತದೆ. ಸ್ಕ್ವಿಬ್ಬಿನ ರೋಧ ಸುಮಾರು 2ರಿಂದ 3 ಓಮ್. ಅಳತೆ ಅದಕ್ಕಿಂತ ಬಹಳ ಹೆಚ್ಚಾದರೆ ತಂತಿ ಎಲ್ಲಿಯೋ ಕಡಿದಿದೆ ಅಥವಾ ಕಪ್ಲರಿನಲ್ಲಿ ತುಕ್ಕು ಹಿಡಿದಿದೆ ಎಂದರ್ಥ. ಬಹಳ ಕಡಿಮೆಯಾದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ ಎಂದರ್ಥ. ಒಂದೆರಡು ಓಮ್‌ನ ವ್ಯತ್ಯಾಸವೂ ದೀಪ ಹತ್ತಿಸಲು ಸಾಕು. ಹೆಡ್‌ಲೈಟಿನ ವೈರಿಂಗಿನಲ್ಲಿ ಯಾರೂ ಲೆಕ್ಕಿಸದ ಸಣ್ಣ ಕೊಳೆ ಇಲ್ಲಿ ದೋಷವಾಗಿ ದಾಖಲಾಗುವುದು ಇದರಿಂದಲೇ.

ದೀಪ ಹತ್ತಿರುವಾಗ ಅಪಘಾತದಲ್ಲಿ ಚೀಲ ತೆರೆಯದಿರಬಹುದು. ವಿರಳವಾಗಿ, ಬೇಡದ ವೇಳೆಯಲ್ಲಿ ತೆರೆಯುವ ಸಂಭವವೂ ಇದೆ ಎಂದು ತಯಾರಕರ ಕೈಪಿಡಿಗಳು ಎಚ್ಚರಿಸುತ್ತವೆ.

ಆರೋಗ್ಯವಂತ ಕಾರಿನಲ್ಲಿ ಕೀಲಿ ತಿರುಗಿಸಿದ ಕೂಡಲೇ ಈ ದೀಪ ಹತ್ತಿ, ಆರೇಳು ಸೆಕೆಂಡುಗಳ ಬಳಿಕ ಆರಿ, ಮತ್ತೆ ಹತ್ತಬಾರದು. ಇದರಲ್ಲಿ ಮೂರು ಬಗೆಯ ವ್ಯತ್ಯಾಸ ಕಾಣಬಹುದು: ಆರದೆ ಉಳಿಯುವುದು, ಮಿನುಗುತ್ತಲೇ ಇರುವುದು, ಮತ್ತು ಹತ್ತದೆಯೇ ಇರುವುದು. ಕೊಳ್ಳುವವರು ಮೊದಲ ಎರಡನ್ನು ಕಂಡು ಹೆದರುತ್ತಾರೆ, ಮೂರನೆಯದನ್ನು ಗಮನಿಸುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಮೂರನೆಯದೇ ಅತ್ಯಂತ ಸಂಶಯಾಸ್ಪದ. ದೀಪದ ಬಲ್ಬನ್ನು ಕಿತ್ತುಹಾಕಿದರೆ, ಇಲ್ಲವೆ ಅದರ ಮೇಲೆ ಕಪ್ಪು ಟೇಪು ಅಂಟಿಸಿದರೆ ದೋಷ ಕಾಣದಂತಾಗುತ್ತದೆ. ಇದಕ್ಕಿಂತ ಜಾಣತನದ ಕೆಲಸವೂ ಉಂಟು: ಏರ್‌ಬ್ಯಾಗ್ ದೀಪದ ತಂತಿಯನ್ನು ಆಯಿಲ್ ಅಥವಾ ಬ್ಯಾಟರಿ ದೀಪಕ್ಕೆ ಜೋಡಿಸಿದರೆ ಎಂಜಿನ್ ಚಾಲೂ ಆದೊಡನೆ ಅದೂ ಆರುತ್ತದೆ. ಆದುದರಿಂದ ಎಂಜಿನ್ ಚಾಲೂ ಮಾಡದೆ, ಕೀಲಿಯನ್ನು ಆನ್ ಸ್ಥಿತಿಯಲ್ಲಷ್ಟೇ ಇಟ್ಟು ಗಡಿಯಾರ ನೋಡಬೇಕು. ಉಳಿದ ದೀಪಗಳು ಉರಿಯುತ್ತಿರುವಾಗಲೇ ಏರ್‌ಬ್ಯಾಗ್ ದೀಪ ತಾನಾಗಿ ಆರಬೇಕು. ಎಂಜಿನ್ ಚಾಲೂ ಆಗುವವರೆಗೂ ಅದು ಆರದಿದ್ದರೆ ವೈರಿಂಗಿಗೆ ಯಾರೋ ಕೈಹಾಕಿದ್ದಾರೆಂದು ತಿಳಿಯಬಹುದು.

ಮಿನುಗಿನ ಭಾಷೆ

ಮಿನುಗುವಿಕೆಯ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. 1990ರ ದಶಕದಲ್ಲಿಯೂ ಆನಂತರದ ಕೆಲವು ವರ್ಷಗಳಲ್ಲಿಯೂ ತಯಾರಾದ ಫೋರ್ಡ್ ಕಾರುಗಳಲ್ಲಿ, ಮಸ್ಟ್ಯಾಂಗ್ ಸಹಿತ, ದೀಪವೇ ಎರಡಂಕಿಯ ಸಂಕೇತವನ್ನು ಹೇಳುತ್ತದೆ. ಮೂರು ಸಲ ಮಿನುಗಿ, ಸ್ವಲ್ಪ ತಡೆದು, ಎರಡು ಸಲ ಮಿನುಗಿದರೆ 32. ಅದು ಚಾಲಕನ ಏರ್‌ಬ್ಯಾಗ್ ಮಂಡಲದಲ್ಲಿ ರೋಧ ಹೆಚ್ಚಾಗಿದೆ ಅಥವಾ ಮಂಡಲ ಕಡಿದಿದೆ ಎಂಬ ಸೂಚನೆ. ಒಂದು ಸಲ, ತಡೆದು, ಎರಡು ಸಲ ಎಂದರೆ 12: ಬ್ಯಾಟರಿಯ ವೋಲ್ಟೇಜು ಕುಸಿದಿದೆ. ಒಂದಕ್ಕಿಂತ ಹೆಚ್ಚು ದೋಷಗಳಿದ್ದರೂ ದೀಪ ಹೇಳುವುದು ಒಂದನ್ನೇ, ಹೆಚ್ಚು ಮುಖ್ಯವೆಂದು ಪರಿಗಣಿಸಿದ್ದನ್ನು. ಅದನ್ನು ಸರಿಪಡಿಸಿದ ಮೇಲೆ ಮತ್ತೊಂದು ಸಂಕೇತ ಕಾಣಿಸಿಕೊಂಡರೆ ಗ್ರಾಹಕರು ಮೇಸ್ತ್ರಿಯ ಮೇಲೆ ಸಿಟ್ಟಾಗಬೇಕಿಲ್ಲ. ದೀಪವೇ ಕೆಟ್ಟಿದ್ದರೆ ಐದು ಐದರಂತೆ ಐದು ಬಾರಿ ಬೀಪ್ ಸದ್ದು ಬರುವ ಏರ್ಪಾಡನ್ನೂ ಆ ಕಂಪನಿ ಮಾಡಿತ್ತು.

ನಿಸ್ಸಾನ್ 350ಜೆಡ್‌ನಲ್ಲಿ ಕ್ರಮ ಬೇರೆ. ಅಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ದೀಪ ಮಿನುಗುತ್ತಿದ್ದರೆ ದೋಷವಿದೆ ಎಂದಷ್ಟೇ ಅರ್ಥ. ಯಾವ ದೋಷ ಎಂದು ತಿಳಿಯಲು ವ್ಯವಸ್ಥೆಯನ್ನು ಪರೀಕ್ಷಾ ಸ್ಥಿತಿಗೆ ತರಬೇಕು. ಕೀಲಿಯನ್ನು ಆನ್ ಮಾಡಿ, ದೀಪ 7 ಸೆಕೆಂಡು ಉರಿದ ಬಳಿಕ 1 ಸೆಕೆಂಡಿನ ಒಳಗಾಗಿ ಆಫ್ ಮಾಡಿ, 3 ಸೆಕೆಂಡಿಗಿಂತ ಹೆಚ್ಚು ಕಾಯಬೇಕು. ಹೀಗೆ ಒಟ್ಟು 3 ಬಾರಿ ಮಾಡಿ ನಾಲ್ಕನೆಯ ಬಾರಿ ಆನ್ ಮಾಡಿದಾಗ ದೀಪದ ಮಿನುಗು ಸಂಕೇತವಾಗಿ ಮಾರ್ಪಡುತ್ತದೆ. ದುರಸ್ತಿಯ ನಂತರ ಇದೇ ಕ್ರಮದಿಂದ ಸಾಮಾನ್ಯ ಸ್ಥಿತಿಗೆ ಮರಳಿಸಬೇಕು. ಈ ಲೆಕ್ಕವನ್ನು ಕೈಗಡಿಯಾರ ಹಿಡಿದು ಮಾಡುವುದು ಲೇಸು; ಅಂದಾಜಿನಿಂದ ಮಾಡಿದವರಿಗೆ ಹತ್ತು ಬಾರಿ ಪ್ರಯತ್ನಿಸಿದರೂ ಸಿದ್ಧಿಸುವುದಿಲ್ಲ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಈ ಕ್ರಮವನ್ನು ‘ದೀಪ ಆರಿಸುವ ಉಪಾಯ’ ಎಂದು ಹೇಳಿಕೊಡುವವರಿದ್ದಾರೆ. ತಾತ್ಕಾಲಿಕ ಕಾರಣದಿಂದ ದಾಖಲಾದ ದೋಷ ಇದರಿಂದ ಅಳಿದುಹೋಗುವುದು ನಿಜ. ದೋಷ ಇನ್ನೂ ಜೀವಂತವಾಗಿದ್ದರೆ ದೀಪ ಮತ್ತೆ ಹತ್ತಿಕೊಳ್ಳುತ್ತದೆ. ಆ ಎರಡರ ನಡುವಿನ ಅವಧಿಯಲ್ಲಿ ಕಾರನ್ನು ಮಾರಿಬಿಡುವುದೇ ಉಪಾಯವಾದರೆ ಅದಕ್ಕೆ ಬೇರೆ ಹೆಸರಿದೆ.

ಹೊಸ ಮಾದರಿಗಳಲ್ಲಿ ಸ್ಕ್ಯಾನರ್ ಇಲ್ಲದೆ ಕೆಲಸವಾಗದು. ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ, ಮೊಬೈಲಿಗೆ ಜೋಡಿಸುವ ಸಾಧನಗಳು ಬಹುತೇಕ ಎಂಜಿನ್ನಿನ ಸಂಕೇತಗಳನ್ನು ಮಾತ್ರ ಓದುತ್ತವೆ. ಏರ್‌ಬ್ಯಾಗಿನ ದೋಷಗಳು ‘ಬಿ’ ಅಕ್ಷರದಿಂದ ಆರಂಭವಾಗುವ ಬಾಡಿ ವರ್ಗಕ್ಕೆ ಸೇರಿದವು. ಇವುಗಳನ್ನು ಓದಬಲ್ಲ ಸ್ಕ್ಯಾನರ್ ಬೇರೆಯೇ ಇದೆ. ಅಗ್ಗದ ಸಾಧನ ‘ದೋಷವಿಲ್ಲ’ ಎಂದು ತೋರಿಸಿದರೆ ಅದು ಏರ್‌ಬ್ಯಾಗಿನ ಬಗ್ಗೆ ಏನನ್ನೂ ಹೇಳಿಲ್ಲ ಎಂದೇ ತಿಳಿಯಬೇಕು.

ಎಲ್ಲಿ ಹುಡುಕಬೇಕು?

ಮೊದಲು ಬ್ಯಾಟರಿ. ಸ್ಪೋರ್ಟ್ಸ್ ಕಾರು ಮನೆಯಲ್ಲಿ ನಿಲ್ಲುವುದೇ ಹೆಚ್ಚು. ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿದು, ಸೆಲ್ಫ್ ಹೊಡೆದಾಗ ವೋಲ್ಟೇಜು ಕುಸಿದರೆ ನಿಯಂತ್ರಣ ಘಟಕ ಅದನ್ನು ದೋಷವೆಂದು ಬರೆದುಕೊಳ್ಳಬಹುದು. ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಇದನ್ನು ನೋಡದೆ ಸ್ಟೇರಿಂಗ್ ಬಿಚ್ಚಲು ಹೋಗುವುದು ಅವಸರ.

ಎರಡನೆಯದು ಸೀಟಿನ ಕೆಳಗಿನ ಕಪ್ಲರ್. ಏರ್‌ಬ್ಯಾಗ್ ಮಂಡಲದ ಕಪ್ಲರುಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಬದಿಯ ಏರ್‌ಬ್ಯಾಗು, ಢಿಕ್ಕಿಯ ವೇಳೆ ಸೀಟ್ ಬೆಲ್ಟನ್ನು ಬಿಗಿಯುವ ಪ್ರಿಟೆನ್ಷನರ್ ಮುಂತಾದವುಗಳ ತಂತಿಗಳು ಮುಂದಿನ ಸೀಟುಗಳ ಕೆಳಗೆ ಹಾದಿರುತ್ತವೆ. ಸೀಟನ್ನು ಹಿಂದೆ ಮುಂದೆ ಸರಿಸುವಾಗ ತಂತಿ ಎಳೆಯುತ್ತದೆ. ಒಳಗೆ ಬಿದ್ದ ನೀರಿನ ಬಾಟಲಿ ಕಪ್ಲರನ್ನು ತಳ್ಳುತ್ತದೆ. ಸರ್ವೀಸಿಂಗಿನಲ್ಲಿ ವ್ಯಾಕ್ಯೂಮಿನ ಮೂತಿ ತಾಗುತ್ತದೆ. ಸೀಟು ಸರಿಸಿದಾಗ ದೀಪದ ವರ್ತನೆ ಬದಲಾದರೆ ದೋಷ ಅಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ಸೀಟಿನ ಹೊದಿಕೆ ಹೊಸದಾಗಿ ಹೊಲಿಸಿದ್ದರೆ ಸೀಟು ಬಿಚ್ಚಿದವರು ಕಪ್ಲರನ್ನು ಸರಿಯಾಗಿ ಕೂರಿಸಿದ್ದಾರೆಯೇ ಎಂದೂ ವಿಚಾರಿಸಬೇಕು.

ಮೂರನೆಯದು ಕ್ಲಾಕ್ ಸ್ಪ್ರಿಂಗ್. ಸ್ಟೇರಿಂಗ್ ತಿರುಗುತ್ತದೆ, ಅದರ ಕೆಳಗಿನ ಕಂಬ ತಿರುಗುವುದಿಲ್ಲ. ಎರಡರ ನಡುವೆ ತಂತಿ ಕಡಿಯದಂತೆ ಸುರುಳಿ ಸುತ್ತಿದ ಚಪ್ಪಟೆ ಪಟ್ಟಿಯೊಂದಿರುತ್ತದೆ. ಗಡಿಯಾರದ ಸ್ಪ್ರಿಂಗಿನಂತೆ ಇದು ಬಿಗಿಯುತ್ತ ಸಡಿಲುತ್ತ ಸಾಗುತ್ತದೆ. ವರ್ಷಗಳು ಕಳೆದಂತೆ ಪಟ್ಟಿ ಸವೆದು ಸೀಳುತ್ತದೆ. ಚಕ್ರಗಳನ್ನು ನೇರವಾಗಿಡದೆ ಸ್ಟೇರಿಂಗ್ ಬಿಚ್ಚಿ ಕೂರಿಸಿದರೆ ಒಂದೇ ದಿನದಲ್ಲಿ ತುಂಡಾಗಬಹುದು. ಇದನ್ನು ಗುರುತಿಸಲು ಸ್ಕ್ಯಾನರೂ ಬೇಕಿಲ್ಲ. ಅನೇಕ ಕಾರುಗಳಲ್ಲಿ ಹಾರ್ನ್ ಹಾಗೂ ಸ್ಟೇರಿಂಗಿನ ಮೇಲಿನ ಗುಂಡಿಗಳ ತಂತಿಗಳೂ ಇದೇ ಪಟ್ಟಿಯ ಮೂಲಕ ಹೋಗುತ್ತವೆ. ಏರ್‌ಬ್ಯಾಗ್ ದೀಪ ಹತ್ತಿದ್ದು, ಅದರೊಡನೆ ಹಾರ್ನೂ ಕೆಲಸ ಬಿಟ್ಟಿದ್ದರೆ, ಅಥವಾ ಸ್ಟೇರಿಂಗನ್ನು ಒಂದು ಬದಿಗೆ ತಿರುಗಿಸಿದಾಗ ಮಾತ್ರ ದೀಪ ಹತ್ತಿದರೆ, ಕ್ಲಾಕ್ ಸ್ಪ್ರಿಂಗನ್ನು ಶಂಕಿಸಬೇಕು. ಇದು ಬದಲಿಸುವ ಭಾಗವೇ ಹೊರತು ಬೆಸುಗೆ ಹಾಕಿ ಸರಿಪಡಿಸುವಂತಹದಲ್ಲ.

ನಮ್ಮ ಭಾಗಕ್ಕೆ ವಿಶೇಷವಾದ ಎರಡು ಕಾರಣಗಳನ್ನು ಪೇಟೆಯ ಕೈಪಿಡಿಗಳು ಹೇಳುವುದಿಲ್ಲ. ಒಂದು ಇಲಿ. ಹಂಗಾಮಿನಲ್ಲಿ ಕಬ್ಬು ಕಡಿದಾದ ಮೇಲೆ ಹೊಲದ ಇಲಿಗಳು ಮನೆ, ಶೆಡ್ಡುಗಳ ಕಡೆ ಹೊರಳುತ್ತವೆ; ನಿಂತ ಕಾರಿನ ವೈರಿಂಗ್ ಅವುಗಳ ಹಲ್ಲಿಗೆ ಸಿಗುತ್ತದೆ. ಬಾನೆಟ್ಟಿನ ಕೆಳಗೆ ಮುಂಭಾಗದ ಢಿಕ್ಕಿ ಸೆನ್ಸರಿಗೆ ಹೋಗುವ ತಂತಿಯನ್ನು ಕಡಿದರೂ ದೀಪ ಹತ್ತುತ್ತದೆ.

ಇನ್ನೊಂದು ನೀರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ನಗರದ ತಗ್ಗಿನ ಬಡಾವಣೆಗಳು ಮುಳುಗಿದ್ದನ್ನು ಯಾರೂ ಮರೆತಿಲ್ಲ. 2021ರ ಜುಲೈನಲ್ಲಿಯೂ ನೀರು ಬಂತು. ಅದೇ 2019ರ ಮಳೆಗಾಲದಲ್ಲಿ ಕೃಷ್ಣೆ, ಪಂಚಗಂಗೆಗಳ ಪ್ರವಾಹಕ್ಕೆ ಸಾಂಗಲಿ, ಕೊಲ್ಹಾಪುರಗಳೂ ತತ್ತರಿಸಿದವು. ಹಿಡಕಲ್ ಜಲಾಶಯದ ಮೇಲ್ಭಾಗದ ದಡ್ಡಿಯಲ್ಲಿ ಘಟಪ್ರಭೆಯ ಮಟ್ಟವನ್ನು ಅಳೆಯುವ ಕೇಂದ್ರವಿದೆ. ಹಳೆಯ ಕಾರಿನೊಳಗೆ ನೀರು ಎಷ್ಟು ಎತ್ತರಕ್ಕೆ ಬಂದಿತ್ತೆಂದು ಅಳೆದಿಟ್ಟವರು ಯಾರೂ ಇಲ್ಲ. ಸೀಟಿನ ಕಂಬಳಿಯ ಮಟ್ಟಕ್ಕೆ ನೀರು ಬಂದರೆ ಸಾಕು, ನೆಲಕ್ಕೆ ಬಿಗಿದ ನಿಯಂತ್ರಣ ಘಟಕವೂ ಹಳದಿ ಕಪ್ಲರುಗಳೂ ನೆನೆಯುತ್ತವೆ. ಒಣಗಿದ ಮೇಲೆ ಕಾರು ಓಡುತ್ತದೆ. ಕಪ್ಲರಿನ ಪಿನ್ನುಗಳ ಮೇಲೆ ಹಸಿರು ತುಕ್ಕು ಕೂರಲು ತಿಂಗಳುಗಳು ಹಿಡಿಯುತ್ತವೆ, ಆ ವೇಳೆಗೆ ಕಾರು ಮತ್ತೊಬ್ಬರ ಕೈಯಲ್ಲಿರುತ್ತದೆ. ದೀಪ ಆಗಾಗ ಮಿನುಗಿ ತಾನೇ ಆರುವ, ಮಳೆಗಾಲದಲ್ಲಿ ಹೆಚ್ಚಾಗುವ ದೋಷ ಕಂಡರೆ ಕಂಬಳಿಯನ್ನು ಎತ್ತಿ ಸೀಟಿನ ಹಳಿಗಳ ಬೋಲ್ಟುಗಳನ್ನೂ ಸೀಟ್ ಬೆಲ್ಟನ್ನೂ ಪರೀಕ್ಷಿಸಬೇಕು. ಬೆಲ್ಟನ್ನು ಪೂರ್ತಿ ಹೊರಕ್ಕೆಳೆದಾಗ ಕೊನೆಯ ಒಂದು ಗೇಣಿನಲ್ಲಿ ಕೆಸರಿನ ಗೆರೆ ಕಂಡರೆ ಹೆಚ್ಚಿನ ಪುರಾವೆ ಬೇಕಿಲ್ಲ. ತೊಳೆಯುವವರು ಬೆಲ್ಟಿನ ಆ ಭಾಗವನ್ನು ಮರೆಯುತ್ತಾರೆ.

ಕೈಹಾಕುವ ಮುನ್ನ

ಸ್ಕ್ವಿಬ್ಬಿನ ರೋಧವನ್ನು ಸಾಮಾನ್ಯ ಮಲ್ಟಿಮೀಟರಿನಿಂದ ಅಳೆಯಕೂಡದು. ಮೀಟರು ತಾನೇ ಸ್ವಲ್ಪ ವಿದ್ಯುತ್ತನ್ನು ಹರಿಸುತ್ತದೆ. ಅದು ಚೀಲವನ್ನು ಸಿಡಿಸಬಹುದು. ಟೆಸ್ಟ್ ಲ್ಯಾಂಪನ್ನಂತೂ ಹತ್ತಿರಕ್ಕೂ ತರಬಾರದು. ಸ್ಕ್ವಿಬ್ಬಿನ ಬದಲಿಗೆ ಅದರಷ್ಟೇ ರೋಧದ ರೆಸಿಸ್ಟರನ್ನು ಜೋಡಿಸಿ, ದೀಪ ಆರುವುದೇ ಎಂದು ನೋಡುವುದು ನುರಿತವರ ಪರೀಕ್ಷಾ ವಿಧಾನ. ಆರಿದರೆ ದೋಷ ಏರ್‌ಬ್ಯಾಗಿನಲ್ಲಿದೆ, ಆರದಿದ್ದರೆ ವೈರಿಂಗಿನಲ್ಲಿದೆ.

ಯಾವುದೇ ಹಳದಿ ಕಪ್ಲರನ್ನು ಬಿಚ್ಚುವ ಮುನ್ನ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಟರ್ಮಿನಲ್ ಕಳಚಿ ಕಾಯಬೇಕು. ಅಪಘಾತದಲ್ಲಿ ಬ್ಯಾಟರಿ ನುಚ್ಚುನೂರಾದರೂ ಚೀಲ ತೆರೆಯಲೆಂದು ನಿಯಂತ್ರಣ ಘಟಕದೊಳಗೆ ಕೆಪಾಸಿಟರಿನಲ್ಲಿ ವಿದ್ಯುತ್ತು ಸಂಗ್ರಹವಾಗಿರುತ್ತದೆ. ಅದು ಬರಿದಾಗಲು ಕೆಲವು ಕಂಪನಿಗಳು 90 ಸೆಕೆಂಡು, ಕೆಲವು 3 ನಿಮಿಷ ಎನ್ನುತ್ತವೆ. ನಮ್ಮಲ್ಲಿ ಒಂದು ಚಹಾ ಮುಗಿಯುವಷ್ಟು ಹೊತ್ತು ಕಾದರೆ ನಷ್ಟವಿಲ್ಲ. ಬಿಚ್ಚಿದ ಏರ್‌ಬ್ಯಾಗನ್ನು ಚೀಲ ಹೊರಬರುವ ಮುಖ ಮೇಲಾಗಿರುವಂತೆಯೇ ಮೇಜಿನ ಮೇಲಿಡಬೇಕು. ಬೋರಲಾಗಿಟ್ಟಾಗ ಸಿಡಿದರೆ ಅದು ಮಾಳಿಗೆಗೆ ಹಾರುತ್ತದೆ.

ಪರೀಕ್ಷೆಗಾಗಿ ಬಳಸುವ ಆ ರೆಸಿಸ್ಟರೇ ವಂಚನೆಯ ಸಾಧನವೂ ಆಗಿದೆ. ಅಪಘಾತದಲ್ಲಿ ಚೀಲ ತೆರೆದ ಕಾರಿಗೆ ಹೊಸ ಏರ್‌ಬ್ಯಾಗು, ಪ್ರಿಟೆನ್ಷನರು, ನಿಯಂತ್ರಣ ಘಟಕ ಹಾಕಿಸುವ ವೆಚ್ಚ ಹಳೆಯ ಕಾರಿನ ಬೆಲೆಯ ದೊಡ್ಡ ಪಾಲನ್ನು ನುಂಗುತ್ತದೆ. ಅದರ ಬದಲು ಕೆಲವೇ ರೂಪಾಯಿಯ ರೆಸಿಸ್ಟರನ್ನು ಜೋಡಿಸಿ, ಮುಚ್ಚಳ ಹಾಕಿ ಬಿಟ್ಟರೆ ನಿಯಂತ್ರಣ ಘಟಕಕ್ಕೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ದೀಪ ಕ್ರಮಬದ್ಧವಾಗಿ ಹತ್ತಿ ಆರುತ್ತದೆ. ಇದನ್ನು ಕಣ್ಣಿನಿಂದಲೇ ಪತ್ತೆಹಚ್ಚಬೇಕು. ಸ್ಟೇರಿಂಗಿನ ನಡುವಿನ ಮುಚ್ಚಳದ ಬಣ್ಣ, ಧಾನ್ಯ, ಅಂಚು ಉಳಿದ ಭಾಗದೊಡನೆ ಹೊಂದುತ್ತದೆಯೇ, ಪ್ರಯಾಣಿಕನ ಬದಿಯ ಡ್ಯಾಶ್‌ಬೋರ್ಡಿನಲ್ಲಿ ಬೆಸೆದ ಗುರುತಿದೆಯೇ, ಸೀಟ್ ಬೆಲ್ಟು ಎಳೆದಾಗ ಸರಾಗವಾಗಿ ಬಂದು ಹಿಂದಿರುಗುತ್ತದೆಯೇ ಎಂಬುದನ್ನು ನೋಡಬೇಕು. ಒಮ್ಮೆ ಸಿಡಿದ ಪ್ರಿಟೆನ್ಷನರಿನ ಬೆಲ್ಟು ಬಹುಮಟ್ಟಿಗೆ ಸಿಕ್ಕಿಕೊಂಡಿರುತ್ತದೆ.

ದೀಪಕ್ಕೂ ಕಾಣದ ದೋಷ

ದೀಪ ಅಳೆಯುವುದು ವಿದ್ಯುತ್ ರೋಧವನ್ನು ಮಾತ್ರ, ಚೀಲದೊಳಗಿನ ರಾಸಾಯನಿಕದ ಸ್ಥಿತಿಯನ್ನಲ್ಲ. ಜಪಾನಿನ ಟಕಾಟಾ ಕಂಪನಿಯ ಪ್ರಕರಣ ಇದಕ್ಕೆ ನಿದರ್ಶನ. ಅದರ ಇನ್‌ಫ್ಲೇಟರುಗಳಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಹದಗೆಟ್ಟು, ಚೀಲ ತೆರೆಯುವಾಗ ಅತಿವೇಗದಿಂದ ಉರಿದು ಲೋಹದ ಕವಚವನ್ನೇ ಸೀಳಿ ಚೂರುಗಳನ್ನು ಎರಚಿತು. ಹಲವು ದೇಶಗಳಲ್ಲಿ ಸಾವುಗಳಾದವು; ಕೋಟಿಗಟ್ಟಲೆ ವಾಹನಗಳನ್ನು ಹಿಂದಕ್ಕೆ ಕರೆಯಲಾಯಿತು; 2017ರಲ್ಲಿ ಕಂಪನಿ ದಿವಾಳಿಯಾಯಿತು. ನಮ್ಮ ದೇಶದಲ್ಲಿಯೂ ಹೋಂಡಾ ಮೊದಲಾದ ಕಂಪನಿಗಳು ತಮ್ಮ ಹಳೆಯ ಮಾದರಿಗಳ ಇನ್‌ಫ್ಲೇಟರುಗಳನ್ನು ಉಚಿತವಾಗಿ ಬದಲಿಸಿಕೊಟ್ಟವು. ಈ ದೋಷವಿದ್ದ ಕಾರುಗಳಲ್ಲಿ ದೀಪ ಸರಿಯಾಗಿಯೇ ಇತ್ತು. ಕಾರಿನ ಚಾಸಿ ಸಂಖ್ಯೆಯನ್ನು ಅಧಿಕೃತ ಮಾರಾಟಗಾರರಿಗೆ ಕೊಟ್ಟು, ಬಾಕಿ ಉಳಿದ ಹಿಂಪಡೆಯುವಿಕೆ ಇದೆಯೇ ಎಂದು ಕೇಳುವುದು ಇದಕ್ಕಿರುವ ಪರೀಕ್ಷೆ. ಮೂರು ನಾಲ್ಕು ಕೈ ಬದಲಿಸಿದ ಕಾರಿನ ಮೊದಲ ಮಾಲೀಕರಿಗೆ ಹೋದ ಪತ್ರ ಈಗಿನ ಮಾಲೀಕರಿಗೆ ತಲುಪಿರುವುದಿಲ್ಲ.

ಬೆಲೆ ಮತ್ತು ಬರಹ

ಮೊದಲು ಕೇಳಿದ ಬೆಲೆಯ ಪ್ರಶ್ನೆಗೆ ಬರೋಣ. ದೋಷದ ಸಂಕೇತವನ್ನು ಓದಿಸದೆ ಬೆಲೆ ಇಳಿಸುವುದೂ ಏರಿಸುವುದೂ ಜೂಜು. ಸ್ಕ್ಯಾನರಿನ ವರದಿಯಲ್ಲಿ ಕಪ್ಲರ್ ಅಥವಾ ಕ್ಲಾಕ್ ಸ್ಪ್ರಿಂಗಿನ ಮಂಡಲದ ದೋಷ ಬಂದರೆ ದುರಸ್ತಿಯ ವೆಚ್ಚವನ್ನು ಕಳೆದು ವ್ಯವಹಾರ ಮಾಡಬಹುದು. ಅಪಘಾತದ ದಾಖಲೆ ಬಂದರೆ ನಿಯಂತ್ರಣ ಘಟಕವನ್ನೇ ಬದಲಿಸಬೇಕೆಂಬುದು ತಯಾರಕರ ಸಾಮಾನ್ಯ ಸೂಚನೆ. ಅಂತಹ ಕಾರಿನ ವಿಮಾ ಇತಿಹಾಸವನ್ನು ಮೊದಲು ನೋಡಬೇಕು. ಗುಜರಿಯಿಂದ ತಂದ ಏರ್‌ಬ್ಯಾಗನ್ನು ಹಾಕುವ ಸಲಹೆಯನ್ನು ನಾನು ಯಾರಿಗೂ ಕೊಡಲಾರೆ. ಅದು ನೀರಿನಲ್ಲಿ ಮುಳುಗಿದ ಕಾರಿನದೋ ಅಲ್ಲವೋ ಎಂದು ಹೇಳುವ ಗುರುತು ಅದರ ಮೇಲೆ ಇರುವುದಿಲ್ಲ.

ಹಳೆಯ ವಾಹನಗಳ ವ್ಯಾಪಾರಿಗಳಿಗೆ ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆಯುವ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದೋಷಪೂರಿತ ಸರಕಿನಿಂದ ಹಾನಿಯಾದರೆ ಮಾರಾಟಗಾರನ ಹೊಣೆಯನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ವಿಸ್ತರಿಸಿದೆ. ‘ಗಾಡಿ ಇದ್ದ ಸ್ಥಿತಿಯಲ್ಲಿ ಕೊಟ್ಟಿದ್ದೇವೆ’ ಎಂಬ ಒಂದು ಸಾಲಿನ ಚೀಟಿಯನ್ನು ನೆಚ್ಚಿಕೊಳ್ಳುವ ಸದಸ್ಯರು ಆ ಚೀಟಿಯ ಪಕ್ಕದಲ್ಲಿ ಇನ್ನೊಂದು ಹಾಳೆಯನ್ನು ಇಡುವುದು ಒಳಿತು. ಕೀಲಿ ಆನ್ ಮಾಡಿದಾಗ ದೀಪ ಎಷ್ಟು ಸೆಕೆಂಡು ಉರಿಯಿತು, ಆರಿತೇ ಇಲ್ಲವೇ, ಸ್ಕ್ಯಾನರಿನಲ್ಲಿ ಯಾವ ಸಂಕೇತ ಬಂತು, ಏನನ್ನು ಬದಲಿಸಲಾಯಿತು, ಹಿಂಪಡೆಯುವಿಕೆಯ ಬಗ್ಗೆ ಅಧಿಕೃತ ಮಾರಾಟಗಾರರಿಂದ ಬಂದ ಉತ್ತರವೇನು ಎಂಬುದನ್ನು ಅದರಲ್ಲಿ ದಿನಾಂಕದೊಡನೆ ಬರೆದು ಇಬ್ಬರ ಸಹಿಯನ್ನೂ ಪಡೆಯಬೇಕು. ಹೊರರಾಜ್ಯದ ಕಾರಾದರೆ ನಿರಾಕ್ಷೇಪಣಾ ಪತ್ರ ಹಾಗೂ 29, 30ನೇ ನಮೂನೆಗಳ ಜೊತೆಗೆ ಈ ಹಾಳೆಯನ್ನೂ ಕಡತದಲ್ಲಿ ಇರಿಸಬಹುದು.